ಕಾವಲಿನ ಅಂಚಿನ ಹೊಲದಲ್ಲಿ ನೆಲದ ಹಕ್ಕಿಗಳಿಗೆ ಜಾಗ ಉಳಿಸುವುದು ಹೇಗೆ?

ಚಿಕ್ಕಮಗಳೂರು ಅಂದರೆ ಎಲ್ಲರ ಕಣ್ಣೂ ಗಿರಿಯ ಕಡೆಗೇ ಹೋಗುತ್ತದೆ. ಕಾಫಿ ತೋಟ, ಶೋಲಾ ಕಾಡು, ಭದ್ರಾದ ಹುಲಿ. ಜಿಲ್ಲೆಯ ಪೂರ್ವಕ್ಕೆ, ಕಡೂರು, ಬೀರೂರು, ಅಜ್ಜಂಪುರದ ಕಡೆ ಇಳಿದರೆ ನೆಲ ಬಯಲಾಗುತ್ತದೆ, ಮಳೆ ಕಡಿಮೆಯಾಗುತ್ತದೆ. ಅಲ್ಲಿಂದ ಹಾಸನ ಜಿಲ್ಲೆಯ ಬಾಣಾವರ, ಅರಸೀಕೆರೆವರೆಗೂ ಇದೇ ಬಯಲುಸೀಮೆ. ರಾಗಿ, ಹುರುಳಿ, ಈರುಳ್ಳಿ, ತೆಂಗು. ನಡುನಡುವೆ ಹುಲ್ಲು ಬೆಳೆದ ಕಾವಲುಗಳು. ಆ ಕಾವಲುಗಳ ಪಕ್ಕ ಹೊಲ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು ಇವು. ಅಜ್ಜಂಪುರದಲ್ಲಿ ಈಗಲೂ ಆ ತಳಿಯ ಸಂವರ್ಧನಾ ಕೇಂದ್ರ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಸರ್ಕಾರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. ಕೃಷ್ಣಮೃಗ, ತೋಳ ಅಲ್ಲಿವೆ. ಆದರೆ ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಬಯಲಿನ ಹಕ್ಕಿಗೆ ಅದು ಎಲ್ಲಿ ಸಾಕಾಗುತ್ತದೆ? ರಾತ್ರಿ ಕಾವಲಿನ ಹುಲ್ಲಿನಲ್ಲಿ ಮಲಗುವ ಹಕ್ಕಿ ಹಗಲು ಹೊಟ್ಟೆ ತುಂಬಿಸಿಕೊಳ್ಳುವುದು ನಿಮ್ಮ ಹೊಲದಲ್ಲಿ.

ಹೊಲ ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಯಾವ ಕೆಲಸವನ್ನು ಯಾವಾಗ ಮಾಡುತ್ತೀರಿ, ಯಾವ ಔಷಧಿಯನ್ನು ಎಲ್ಲಿ ಹೊಡೆಯುತ್ತೀರಿ, ಈ ಎರಡನ್ನು ನೋಡಿಕೊಂಡರೆ ನೆಲದ ಹಕ್ಕಿಗಳು ಉಳಿಯುತ್ತವೆ. ಖರ್ಚು ಹೆಚ್ಚೇನಿಲ್ಲ. ಗಮನ ಬೇಕು.

ಒಂದು ಭಯವನ್ನು ಮೊದಲೇ ತೆಗೆದುಬಿಡೋಣ. ಸಂರಕ್ಷಣಾ ಮೀಸಲು ಎಂದರೆ ಸುತ್ತಲಿನ ಹೊಲ ಇಲಾಖೆಗೆ ಹೋಯಿತು ಎಂದಲ್ಲ. ವನ್ಯಜೀವಿ ಕಾಯ್ದೆಯ 36ಎ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಮಾತ್ರ ಹೀಗೆ ಘೋಷಿಸಬಹುದು, ಅದೂ ಸ್ಥಳೀಯರ ಜೊತೆ ಮಾತಾಡಿದ ಮೇಲೆ. ಮೀಸಲಿನ ಒಳಗೆ ಬೆಂಕಿ ಹಾಕುವಂತಿಲ್ಲ, ಸಿಡಿಮದ್ದು, ವಿಷ ಬಳಸುವಂತಿಲ್ಲ. ನಿಮ್ಮ ಪಹಣಿಯಲ್ಲಿರುವ ಹೊಲ ನಿಮ್ಮದೇ.

ಮೊದಲು, ಯಾರ್ಯಾರು ಇದ್ದಾರೆ ನೋಡಿ

ನಿಮ್ಮ ಹೊಲದಲ್ಲಿ ಯಾವ ಹಕ್ಕಿ ಯಾವ ತಿಂಗಳಲ್ಲಿ ಇರುತ್ತದೆ ಎಂದು ತಿಳಿದುಕೊಳ್ಳದೆ ಏನೂ ಮಾಡಬೇಡಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬಿಸಿಲೇರುವ ಮುಂಚೆ ಬದುವಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತರೆ ಸಾಕು.

ವರ್ಷವಿಡೀ ಇಲ್ಲೇ ಇರುವವು ಒಂದು ಗುಂಪು. ಟಿಟ್ಟಿಭ ಎಲ್ಲರಿಗೂ ಗೊತ್ತು. ಅದರಲ್ಲಿ ಎರಡು ಬಗೆ. ಕಣ್ಣಿನ ಮುಂದೆ ಕೆಂಪು ತೊಗಲಿರುವುದು ಕೆರೆ, ಹೊಂಡದ ಸುತ್ತ ಜಾಸ್ತಿ. ಹಳದಿ ತೊಗಲಿರುವುದು ಒಣ ಬೀಳು ನೆಲದ್ದು. ಈ ಹಳದಿಯದು ಕಂಡರೆ ನಿಮ್ಮ ಹೊಲ ನೆಲದ ಹಕ್ಕಿಗಳಿಗೆ ಒಗ್ಗಿದೆ ಎಂದು ತಿಳಿಯಿರಿ. ನೆಲಗುಬ್ಬಿ ಇನ್ನೊಂದು. ಗಂಡಿನ ಹೊಟ್ಟೆ ಕಪ್ಪು. ಮೇಲಕ್ಕೆ ಹಾರಿ ಸಿಳ್ಳೆ ಹಾಕುತ್ತಾ ಕೆಳಗೆ ಧುಮುಕುತ್ತದೆ. ಬಾನಾಡಿ, ಕೌಜುಗ, ಲಾವಕ್ಕಿ ಇವೆ. ಇವೆಲ್ಲ ಮೊಟ್ಟೆ ಇಡುವುದು ನೆಲದ ಮೇಲೆ, ಮರದ ಮೇಲಲ್ಲ. ಮುಂದೆ ಹೇಳುವ ಎಲ್ಲ ಕೆಲಸಕ್ಕೂ ಇದೇ ಕಾರಣ.

ಎರಡನೇ ಗುಂಪು ಚಳಿಗಾಲದ ಅತಿಥಿಗಳದ್ದು. ಕಜಾಕಿಸ್ತಾನದ ಕಡೆಯ ವಿಶಾಲ ಹುಲ್ಲುಬಯಲಿನಲ್ಲಿ ಮರಿ ಮಾಡುವ ಹ್ಯಾರಿಯರ್‌ಗಳು ಮಳೆಗಾಲ ಮುಗಿಯುವ ಹೊತ್ತಿಗೆ ಬಂದು ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್ ಹೋಗುತ್ತವೆ. ಹದ್ದಿನ ಜಾತಿಯವೇ, ಆದರೆ ಮೈ ತೆಳ್ಳಗೆ. ಮಾಂಟೆಗ್ಯೂ ಹ್ಯಾರಿಯರ್ ಗಂಡು ಬೂದು ಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಬೆಳೆಯ ತಲೆ ಸವರುವಷ್ಟು ತಗ್ಗಿನಲ್ಲಿ ಹೊಲದ ಉದ್ದಕ್ಕೂ ತೇಲಿಕೊಂಡು ಹೋಗುತ್ತದೆ. ಮಿಡತೆ, ಇಲಿ, ಸಣ್ಣ ಹಕ್ಕಿ ಅದರ ಊಟ. ಸಂಜೆ ಹಲವು ಒಟ್ಟಾಗಿ ಕಾವಲಿನ ಹುಲ್ಲಿನೊಳಗೆ ಇಳಿದು ನೆಲದ ಮೇಲೇ ಮಲಗುತ್ತವೆ.

ಮಧ್ಯ ಏಷ್ಯಾದ ಅದೇ ಬಯಲುಗಳಿಂದ ಗುಲಾಬಿ ಕಬ್ಬಕ್ಕಿಗಳೂ ಹಿಂಡು ಹಿಂಡಾಗಿ ಬರುತ್ತವೆ. ಜೋಳ ಬೆಳೆದವರಿಗೆ ಇವುಗಳ ಕಾಟ ಇದೆ, ಸುಳ್ಳಲ್ಲ. ತೆನೆ ಕಟ್ಟುವ ದಿನಗಳಲ್ಲಿ ಮಂಚಿಕೆ ಮೇಲೆ ಕೂತು ಡಬ್ಬ ಬಡಿಯುವುದು, ಕವಣೆ ಬೀಸುವುದು ಹಳೆಯ ದಾರಿ, ಅದು ಸರಿಯಾದ ದಾರಿಯೂ ಹೌದು. ಬಲೆ ಕಟ್ಟಬೇಡಿ. ಬಲೆಗೆ ಕಬ್ಬಕ್ಕಿಗಿಂತ ಮೊದಲು ಗೂಬೆಯೋ ಬಾನಾಡಿಯೋ ಬೀಳುತ್ತದೆ.

ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಬಯಲಿನ ದೊಡ್ಡ ಹಕ್ಕಿ ಎರೆಭೂತದ ಮಾತು ಬೇರೆ. ರಾಜ್ಯದಲ್ಲಿ ಈಗ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಅದನ್ನಾಗಲಿ, ಅದರ ಚಿಕ್ಕ ನೆಂಟ ಲೆಸ್ಸರ್ ಫ್ಲೋರಿಕನ್ ಅನ್ನಾಗಲಿ ನೋಡಿದೆ ಅನಿಸಿದರೆ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೊದಲು ವಲಯ ಅರಣ್ಯಾಧಿಕಾರಿಗೆ ತಿಳಿಸಿ.

ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಖು, ಯಾವ ಹೊಲ, ಯಾವ ಹಕ್ಕಿ, ಏನು ಮಾಡುತ್ತಿತ್ತು, ಇಷ್ಟು ಸಾಕು. ಒಂದು ವರ್ಷ ಕಳೆದರೆ ನಿಮ್ಮ ಹೊಲದ್ದೇ ಹಕ್ಕಿ ಪಂಚಾಂಗ ಸಿದ್ಧವಾಗುತ್ತದೆ.

ಉಳುಮೆಗೆ ಮುಂಚಿನ ಸಂಜೆ

ಹಳದಿ ಟಿಟ್ಟಿಭ ಮೊಟ್ಟೆ ಇಡುವುದು ಹೆಚ್ಚಾಗಿ ಮಾರ್ಚ್‌ನಿಂದ ಜುಲೈ ಒಳಗೆ. ನಾವು ಭರಣಿ ಮಳೆ ಬಿದ್ದ ಮೇಲೆ ಉಳುಮೆ ಶುರು ಮಾಡಿ ರೋಹಿಣಿ ಹೊತ್ತಿಗೆ ಹೊಲ ಹದ ಮಾಡುತ್ತೇವೆ. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ಅದರ ಗೂಡು ನೆಲದಲ್ಲಿ ಒಂದು ಸಣ್ಣ ತಗ್ಗು, ಅಂಚಿಗೆ ನಾಲ್ಕು ಬೆಣಚು ಕಲ್ಲು. ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎತ್ತು ಕಟ್ಟಿ ಉಳುವಾಗ ಮನುಷ್ಯ ನೇಗಿಲ ಹಿಂದೆ ನಡೆಯುತ್ತಿದ್ದ, ಹಕ್ಕಿ ಎದ್ದರೆ ಕಾಣುತ್ತಿತ್ತು, ನೇಗಿಲು ಎತ್ತಿ ದಾಟಿಸುತ್ತಿದ್ದ. ಟ್ರ್ಯಾಕ್ಟರ್ ಮೇಲೆ ಕೂತವರಿಗೆ ಅದು ಕಾಣಿಸುವುದೇ ಇಲ್ಲ. ಹಾಗಾಗಿ ಹಿಂದಿನ ದಿನವೇ ಹುಡುಕಬೇಕು.

ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರು ಹೋಗಿ. ನಾಯಿ ಜೊತೆಗೆ ಬೇಡ. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನಡೆಯಿರಿ. ಟಿಟ್ಟಿಭ ಎದ್ದು ಕೂಗುತ್ತಾ ತಲೆ ಮೇಲೆ ಸುತ್ತಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇದೆ. ಅಲ್ಲೇ ನಿಂತು ನೆಲ ತಡಕಬೇಡಿ, ತುಳಿದುಬಿಡುತ್ತೀರಿ. ಹಿಂದಕ್ಕೆ ಬಂದು ದೂರದ ಬದುವಿನ ಮರೆಯಲ್ಲಿ ಕೂರಿ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಇಳಿದು, ನಡೆದು ಹೋಗಿ, ಒಂದು ಕಡೆ ಕೂರುತ್ತದೆ. ಗೂಡು ಅಲ್ಲೇ. ನೆಲಗುಬ್ಬಿಯ ಗೂಡು ಹೀಗೆ ಸಿಗುವುದು ಕಷ್ಟ. ಅದು ಹೆಂಟೆಯ ಮರೆಯಲ್ಲೋ ಹುಲ್ಲಿನ ಬುಡದಲ್ಲೋ ಇರುತ್ತದೆ. ನಿಮ್ಮ ಕಾಲ ಬುಡದಿಂದಲೇ ಥಟ್ಟನೆ ಎದ್ದರೆ ಆ ಜಾಗ ನೋಡಿಟ್ಟುಕೊಳ್ಳಿ.

ಇನ್ನು ಗುರುತು ಹಾಕುವುದು. ಗೂಡಿನ ಪಕ್ಕದಲ್ಲೇ ಕೋಲು ನೆಡಬೇಡಿ. ಕಾಗೆ, ನಾಯಿ ಎರಡೂ ಬುದ್ಧಿವಂತ ಪ್ರಾಣಿಗಳು, ಕೋಲು ಇದ್ದಲ್ಲಿ ಊಟ ಇದೆ ಎಂದು ಬೇಗ ಕಲಿಯುತ್ತವೆ. ಟ್ರ್ಯಾಕ್ಟರ್ ಓಡುವ ಸಾಲಿನ ನೇರಕ್ಕೆ, ಗೂಡಿನಿಂದ ಆ ಕಡೆ ನಾಲ್ಕೈದು ಮಾರು ದೂರದಲ್ಲಿ ಒಂದು, ಈ ಕಡೆ ಅಷ್ಟೇ ದೂರದಲ್ಲಿ ಒಂದು ಗಿಡ್ಡ ಕೋಲು ನೆಡಿ. ಎರಡು ಕೋಲಿನ ನಡುವೆ ಉಳುವುದು ಬೇಡ. ಡ್ರೈವರ್‌ಗೆ ಹಿಂದಿನ ದಿನವೇ ಹೇಳಿ, ಜಾಗ ತೋರಿಸಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುವಾಗ ಕೆಲಸದ ನಡುವೆ ಹೇಳಿದರೆ ಯಾರಿಗೂ ಕೇಳುವ ತಾಳ್ಮೆ ಇರುವುದಿಲ್ಲ.

ಎಷ್ಟು ದಿನ ಕಾಯಬೇಕು? ಟಿಟ್ಟಿಭದ ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ. ಮರಿಗಳು ಹುಟ್ಟಿದ ಕೆಲವೇ ಗಂಟೆಯಲ್ಲಿ ಎದ್ದು ತಾಯಿಯ ಹಿಂದೆ ನಡೆಯುತ್ತವೆ. ಆಮೇಲೆ ಆ ತುಂಡನ್ನು ಕುಂಟೆ ಹೊಡೆದು ಕೈಯಲ್ಲಿ ಬೀಜ ಚೆಲ್ಲಬಹುದು. ನೆಲಗುಬ್ಬಿಯ ಮೊಟ್ಟೆಗೆ ಎರಡು ವಾರ, ಮರಿ ಗೂಡು ಬಿಡಲು ಇನ್ನೊಂದು ಹತ್ತು ದಿನ. ಹೊಲದ ಲೆಕ್ಕದಲ್ಲಿ ನೀವು ಕಳೆದುಕೊಳ್ಳುವುದು ಒಂದು ಕಣದಷ್ಟು ಜಾಗವೂ ಅಲ್ಲ.

ಮೊಟ್ಟೆಯನ್ನು ಎತ್ತಿ ಬದುವಿಗೆ ಇಡುತ್ತೇವೆ ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಬೇಡ. ಜಾಗ ಬದಲಾದರೆ ಹಕ್ಕಿ ಗೂಡನ್ನು ತೊರೆಯಬಹುದು. ಮಧ್ಯಾಹ್ನದ ಹೊತ್ತು ಗೂಡಿನ ಹತ್ತಿರ ನಿಲ್ಲುವುದೂ ಬೇಡ. ಏಪ್ರಿಲ್ ಬಿಸಿಲಿಗೆ ಆ ಹಕ್ಕಿ ಮೊಟ್ಟೆಗೆ ನೆರಳು ಮಾಡಿಕೊಂಡು ಕೂತಿರುತ್ತದೆ. ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ತಂಪು ಮಾಡುವುದೂ ಉಂಟು. ನೀವು ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ಕಾಡುಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ಹಾಳು ಮಾಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಗೆ ಸಮ ಎನ್ನುವುದನ್ನು ಮನೆಯ ಹುಡುಗರಿಗೂ ಹೇಳಿಡಿ.

ಇದಕ್ಕಿಂತ ಸುಲಭದ ದಾರಿಯೂ ಒಂದಿದೆ. ರಾಗಿ ಕೊಯ್ಲಾದ ಮೇಲೆ ಮಾಗಿ ಉಳುಮೆಯನ್ನು ಫೆಬ್ರುವರಿ ಒಳಗೆ ಮುಗಿಸಿ. ಹಕ್ಕಿ ಗೂಡಿಗೆ ಕೂರುವ ಮುಂಚೆಯೇ ದೊಡ್ಡ ಕೆಲಸ ಆಗಿರುತ್ತದೆ. ಕಾವಲಿಗೆ ತಗುಲಿದ ಕಡೆ ಹೊಲದ ಒಂದು ಪಟ್ಟಿಯನ್ನು ಒಂದು ವರ್ಷ ಬೀಳು ಬಿಡಲು ಆದರೆ ಬಿಡಿ, ಮುಂದಿನ ವರ್ಷ ಪಕ್ಕದ ಪಟ್ಟಿ. ಪೋರ್ಚುಗಲ್‌ನ ಕಾಸ್ತ್ರೊ ವೆರ್ದೆ ಎಂಬ ಒಣ ಬಯಲಿನಲ್ಲಿ ರೈತರು ಗೋಧಿ, ಓಟ್ಸ್ ಬೆಳೆದು ನೆಲವನ್ನು ಸರದಿಯಲ್ಲಿ ಬೀಳು ಬಿಟ್ಟು ಕುರಿ ಮೇಯಿಸುತ್ತಾರೆ. ಎರೆಭೂತದ ಜಾತಿಯ ದೊಡ್ಡ ಹಕ್ಕಿಗಳು ಅಲ್ಲಿ ಉಳಿದಿರುವುದೇ ಈ ಸರದಿಯಿಂದ. ಆ ರೈತರಿಗೆ ಯುರೋಪಿನ ಒಕ್ಕೂಟದಿಂದ ಸಹಾಯಧನ ಸಿಗುತ್ತದೆ. ಬೀಳು ಬಿಟ್ಟ ನೆಲಕ್ಕೆ ನಮ್ಮ ರೈತರಿಗೂ ಏನಾದರೂ ಸಿಗಬೇಕು, ಕೇಳುವುದರಲ್ಲಿ ತಪ್ಪಿಲ್ಲ.

ಬದು ಮತ್ತು ಅಕ್ಕಡಿ ಸಾಲು

ಬದುವನ್ನು ಕೆತ್ತಿ ಕೆತ್ತಿ ತೆಳ್ಳಗೆ ಮಾಡಬೇಡಿ. ಒಂದು ಮಾರು ಅಗಲದ, ಹುಲ್ಲಿರುವ ಬದು ಕೌಜುಗಕ್ಕೂ ಲಾವಕ್ಕಿಗೂ ಮನೆ. ಬದುವಿಗೆ ಕಳೆನಾಶಕ ಹೊಡೆಯುವುದು ಈಚೆಗೆ ಬಂದ ಅಭ್ಯಾಸ, ಅದನ್ನು ನಿಲ್ಲಿಸಿ. ದನಕ್ಕೆ ಬೇಕಾದಷ್ಟು ಕುಡುಗೋಲಿನಲ್ಲಿ ಕುಯ್ದುಕೊಳ್ಳಿ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವವರು ಇನ್ನೂ ಇದ್ದೀರಿ, ಅದನ್ನು ಬಿಡಬೇಡಿ. ಹೂವಿಗೆ ಹುಳು ಬರುತ್ತದೆ, ಹುಳುವಿಗೆ ಹಕ್ಕಿ ಬರುತ್ತದೆ.

ಕೊಯ್ಲು, ಕರಡ, ಬೆಂಕಿ

ಮೆಷಿನ್ನಿನಲ್ಲಿ ಕೊಯ್ಯುವಾಗ ಹೊಲದ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುವುದು ರೂಢಿ. ಆಗ ಲಾವಕ್ಕಿ, ಕೌಜುಗ ಎಲ್ಲವೂ ನಡುವಿನ ಕೊನೆಯ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬದಲಿಗೆ ನಡುವಿನಿಂದ ಅಂಚಿಗೆ ಬನ್ನಿ, ಅಥವಾ ಒಂದು ಬದಿಯಿಂದ ಕಾವಲಿನ ಕಡೆಗೆ ಬನ್ನಿ. ಓಡಿಹೋಗಲು ಅವಕ್ಕೆ ದಾರಿ ಇರುತ್ತದೆ.

ಕರಡದ ವಿಷಯ ಸ್ವಲ್ಪ ಸೂಕ್ಷ್ಮ. ಕಾವಲಿನ ಹುಲ್ಲು ಬಲಿತು ಕರಡವಾಗುವ ಹೊತ್ತಿಗೇ ಹ್ಯಾರಿಯರ್‌ಗಳು ಬಂದಿರುತ್ತವೆ. ಅವಕ್ಕೆ ಮಲಗಲು ಮೊಣಕಾಲೆತ್ತರದ ಹುಲ್ಲು ಬೇಕು. ಗುಜರಾತಿನ ವೇಳಾವದರ್‌ನಲ್ಲಿ ಇವು ಭಾರಿ ಸಂಖ್ಯೆಯಲ್ಲಿ ಒಟ್ಟಿಗೆ ಮಲಗುತ್ತವೆ, ಅಲ್ಲಿನ ಹುಲ್ಲನ್ನು ಉಳಿಸಿಕೊಂಡಿರುವುದರಿಂದಲೇ. ಅದೇ ಟಿಟ್ಟಿಭಕ್ಕೆ, ನೆಲಗುಬ್ಬಿಗೆ ದನ ಮೇಯ್ದ ಗಿಡ್ಡ ಹುಲ್ಲು, ಬರಿ ನೆಲ ಬೇಕು. ಹಾಗಾಗಿ ಮೇವು ಪೂರ್ತಿ ನಿಲ್ಲಿಸಿದರೂ ತಪ್ಪು, ಪೂರ್ತಿ ಬೋಳಿಸಿದರೂ ತಪ್ಪು. ಮೇಯಿಸುವವರು ಸರದಿ ಮಾಡಿಕೊಳ್ಳಿ. ಹ್ಯಾರಿಯರ್ ಸಂಜೆ ಇಳಿಯುವ ಜಾಗ ಗೊತ್ತಾದರೆ ಆ ತುಂಡನ್ನು ಮಾರ್ಚ್ ಕೊನೆವರೆಗೂ ಕೊಯ್ಯಬೇಡಿ. ಕತ್ತಲಾದ ಮೇಲೆ ಆ ಕಡೆ ಬೈಕು, ಟಾರ್ಚು ಬೇಡ.

ಹೊಸ ಹುಲ್ಲು ಚಿಗುರಲಿ ಎಂದು ಬೆಂಕಿ ಇಡುವವರ ಜೊತೆ ಜಗಳ ಆಡಬೇಡಿ, ಕೂತು ಮಾತಾಡಿ. ಹೆಚ್ಚಾಗಿ ಅವರೂ ದನ ಸಾಕುವವರೇ. ನಿಮ್ಮ ಹೊಲದ ಕಳೆ, ಕಸ ಸುಡುವುದಿದ್ದರೂ ಕಾವಲಿನ ಕಡೆ ಗಾಳಿ ಬೀಸುವಾಗ ಬೇಡ.

ವಿಷ: ಇಲ್ಲಿ ರಾಜಿ ಇಲ್ಲ

ಅರ್ಜೆಂಟೀನಾದಲ್ಲಿ ನಡೆದ ಒಂದು ಘಟನೆ ನಮ್ಮ ರೈತರೆಲ್ಲರಿಗೂ ಗೊತ್ತಿರಬೇಕು. 1995-96ರಲ್ಲಿ ಅಲ್ಲಿನ ಬಯಲು ಹೊಲಗಳಲ್ಲಿ ಮಿಡತೆ ಕೊಲ್ಲಲು ಮೊನೊಕ್ರೊಟೊಫಾಸ್ ಸಿಂಪಡಿಸಿದರು. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದ ಸ್ವೇನ್ಸನ್ ಗಿಡುಗಗಳು ಅದೇ ಮಿಡತೆ ತಿನ್ನುತ್ತಿದ್ದವು. ಸತ್ತದ್ದು ಅಂದಾಜು 20,000. ನಮ್ಮ ಹೊಲಕ್ಕೆ ಬರುವ ಹ್ಯಾರಿಯರ್ ಕೂಡ ದೂರದ ಬಯಲಿನಿಂದ ಬಂದು ಮಿಡತೆ ತಿನ್ನುವ ಹಕ್ಕಿ. ಅದೇ ಔಷಧಿಯನ್ನು ನಮ್ಮ ಕಡೆಯೂ ವರ್ಷಗಟ್ಟಲೆ ಕಣ್ಣು ಮುಚ್ಚಿ ಹೊಡೆದಿದ್ದೇವೆ, ಅಲ್ವಾ? ತರಕಾರಿಗೆ ಅದರ ಬಳಕೆಯನ್ನು 2005ರಲ್ಲೇ ನಿಷೇಧಿಸಲಾಗಿತ್ತು.

ಥಿಮೆಟ್ ಎಂದು ಕರೆಯುವ ಫೋರೇಟ್ ಕೀಟನಾಶಕದ ಹರಳಿನದು ಇನ್ನೊಂದು ಕಥೆ. ನೆಲದ ಹಕ್ಕಿ ಅದನ್ನು ಕಾಳು ಎಂದೋ, ಜೀರ್ಣಕ್ಕೆ ನುಂಗುವ ಮರಳು ಎಂದೋ ಹೆಕ್ಕಿ ತಿನ್ನುತ್ತದೆ. ದೇಶದಲ್ಲಿ ಇದರ ಮಾರಾಟ, ಬಳಕೆ 2020ರ ಕೊನೆಗೆ ನಿಂತಿರಬೇಕು. ಹಳೆಯ ಪೊಟ್ಟಣ ಮನೆಯ ಅಟ್ಟದಲ್ಲಿ ಉಳಿದಿದ್ದರೆ ಹೊಲಕ್ಕೆ ಹಾಕಬೇಡಿ, ಹೊಂಡಕ್ಕೂ ಎಸೆಯಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಏನು ಮಾಡಬೇಕೆಂದು ಕೇಳಿ.

ಬೀಜೋಪಚಾರ ಮಾಡಿದ ಬೀಜ ಕೂರಿಗೆ ತಿರುಗುವ ಜಾಗದಲ್ಲಿ ಚೆಲ್ಲುತ್ತದೆ. ಬಿತ್ತನೆ ಮುಗಿದ ಮೇಲೆ ಆ ತುದಿಗಳನ್ನು ನೋಡಿ, ಚೆಲ್ಲಿದ್ದನ್ನು ಮಣ್ಣು ಮುಚ್ಚಿ. ಇಲಿ ಪಾಷಾಣ ಬೆರೆಸಿದ ಕಾಳನ್ನು ಬದುವಿನ ಮೇಲೆ ಇಡಬಾರದು. ಬಿಲದ ಒಳಗೆ ಆಳಕ್ಕೆ ಹಾಕಿ ಬಾಯಿ ಮುಚ್ಚಿ. ಸಾಧ್ಯವಾದರೆ ಬೋನು ಇಡಿ. ಮಿಡತೆ ಕಂಡ ಕೂಡಲೇ ಸ್ಪ್ರೇಯರ್ ಹೆಗಲಿಗೇರಿಸುವ ಮುಂಚೆ ಬೆಳೆಗೆ ನಿಜವಾಗಿ ನಷ್ಟ ಆಗುತ್ತಿದೆಯಾ ಎಂದು ಎರಡು ದಿನ ನೋಡಿ. ಹೊಡೆಯಲೇಬೇಕಾದರೆ ಕಾವಲಿನ ಅಂಚಿನ ಹತ್ತಿಪ್ಪತ್ತು ಸಾಲು ಬಿಟ್ಟು ಹೊಡೆಯಿರಿ.

ಹಂದಿಗೆಂದು ಇಡುವ ಉರುಳು, ಸಿಡಿಮದ್ದು, ವಿಷ ಹಾಕಿದ ಮಾಂಸ ಖಂಡಿತ ಬೇಡ. ಹಂದಿಯ ಕಾಟ ನಿಜ. ಆದರೆ ವಿಷದ ಮಾಂಸ ತೋಳವನ್ನೂ ಹದ್ದನ್ನೂ ಊರಿನ ನಾಯಿಯನ್ನೂ ಕೊಲ್ಲುತ್ತದೆ.

ಗಿಡ ನೆಡುವ ಆಸೆಗೆ ತಡೆ

ಜೂನ್ 5ರ ಪರಿಸರ ದಿನ ಹತ್ತಿರ ಬಂದರೆ ಶಾಲೆ, ಸಂಘ, ಪಂಚಾಯಿತಿ ಎಲ್ಲರೂ ಖಾಲಿ ಜಾಗ ಹುಡುಕುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಕಾವಲು. ಹುಲ್ಲುಗಾವಲು ಖಾಲಿ ಜಾಗ ಅಲ್ಲ. ಮರ ಬೆಳೆದರೆ ಕಾಗೆಗೂ ಗಿಡುಗಕ್ಕೂ ಕೂರಲು ಕೊಂಬೆ ಸಿಗುತ್ತದೆ, ಅಲ್ಲಿಂದ ನೆಲದ ಗೂಡು ಅವಕ್ಕೆ ಚೆನ್ನಾಗಿ ಕಾಣುತ್ತದೆ. ದೂರದವರೆಗೂ ನೋಡಿಕೊಂಡು ಬದುಕುವ ಬಯಲಿನ ಹಕ್ಕಿ ಅಲ್ಲಿಂದ ಕಾಲು ಕೀಳುತ್ತದೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಹೀಗೇ ಆಯಿತು. 1974ರಲ್ಲಿ ಕೃಷ್ಣಮೃಗ ವನ್ಯಧಾಮ ಎಂದು ಘೋಷಿಸಿದ ಆ 119 ಚದರ ಕಿಲೋಮೀಟರ್‌ನಲ್ಲಿ ಬಹುಪಾಲು ನೀಲಗಿರಿ ತುಂಬಿಕೊಂಡಿತು. ಒಮ್ಮೆ ಅಲ್ಲಿದ್ದ ಎರೆಭೂತ ಈಗ ಇಲ್ಲ. ಕಾಸ್ತ್ರೊ ವೆರ್ದೆಗೂ 1990ರ ದಶಕದ ಮೊದಲಲ್ಲಿ ಇದೇ ನೀಲಗಿರಿಯ ಅಪಾಯ ಬಂದಿತ್ತು. ಅಲ್ಲಿನ ಪರಿಸರ ಸಂಘಟನೆಯೊಂದು ಜಮೀನನ್ನೇ ಕೊಂಡು ತಡೆಯಿತು. ನಮಗೆ ಕೊಳ್ಳುವ ಅಗತ್ಯವೂ ಇಲ್ಲ, ಕಾವಲು ಸರ್ಕಾರದ್ದೇ. ನೆಡಬೇಡಿ ಎಂದು ಗಟ್ಟಿಯಾಗಿ ಹೇಳಿದರೆ ಸಾಕು. ಹೊಂಗೆ, ಬೇವು, ಹಲಸು ನೆಡಲು ಊರೊಳಗೆ, ಶಾಲೆಯ ಅಂಗಳದಲ್ಲಿ, ರಸ್ತೆ ಬದಿ ಬೇಕಾದಷ್ಟು ಜಾಗ ಇದೆ. ಕಾವಲಿಗೆ ಹೋಗಿ ಕೈಗೆ ಕೆಲಸ ಕೊಡಬೇಕು ಅನಿಸಿದರೆ ಬಳ್ಳಾರಿ ಜಾಲಿ, ಲಂಟಾನ ಕೀಳುವ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ ಕೇಳಿ.

ಹೊಂಡ, ನಾಯಿ

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಬದಿ ಜಾರುತ್ತದೆ. ನೀರಿಗೆ ಇಳಿದ ಹಕ್ಕಿ, ಮೊಲ ಮೇಲೆ ಬರಲಾಗದೆ ಮುಳುಗುತ್ತವೆ. ನಾಲ್ಕೂ ಬದಿಗೆ ಹಳೆಯ ತೆಂಗಿನ ನಾರಿನ ಹಗ್ಗವನ್ನೋ ಗೋಣಿ ತಾಟನ್ನೋ ನೀರು ಮುಟ್ಟುವಂತೆ ಇಳಿಬಿಡಿ. ಅರಸೀಕೆರೆ ಕಡೆ ತೆಂಗಿನ ನಾರಿಗೆ ಬರ ಇಲ್ಲ.

ನಾಯಿ ನೆಲದ ಗೂಡಿನ ದೊಡ್ಡ ಶತ್ರು. ಗೂಡಿನ ಕಾಲದಲ್ಲಿ ನಿಮ್ಮ ನಾಯಿಯನ್ನು ಕಟ್ಟಿ ಸಾಕಿ. ಸತ್ತ ದನ, ಕೋಳಿ ಅಂಗಡಿಯ ಕಸವನ್ನು ಕಾವಲಿನ ಅಂಚಿಗೆ ಎಸೆದರೆ ಬೀದಿನಾಯಿಗಳ ಹಿಂಡು ಅಲ್ಲೇ ನೆಲೆಸುತ್ತದೆ. ಪಂಚಾಯಿತಿಯಲ್ಲಿ ಇದನ್ನು ಎತ್ತಿ.

ಸಮಿತಿಯಲ್ಲಿ ನಿಮ್ಮ ಮಾತು

ಒಬ್ಬರ ಹೊಲದಿಂದ ಇದು ಮುಗಿಯುವುದಿಲ್ಲ. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕೆಂದು ಕಾಯ್ದೆಯ 36ಬಿ ಕಲಂ ಹೇಳುತ್ತದೆ. ಅದರಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು ಇರಬೇಕು. ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ನಿಮ್ಮ ಪಂಚಾಯಿತಿಯಿಂದ ಯಾರು ಹೋಗುತ್ತಿದ್ದಾರೆ ಎಂದು ವಿಚಾರಿಸಿ. ಯಾರೂ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಹೆಸರು ಸೂಚಿಸಿ. ಕುರಿ ಮೇಯಿಸುವವರೊಬ್ಬರು ಅಲ್ಲಿ ಕೂರುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಗೂಡು, ತೋಳದ ಜಾಡು, ಬೆಂಕಿಯ ದಾರಿ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ನಿಮ್ಮ ನೋಟ್‌ಬುಕ್ಕಿನ ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅವರು ಊರಿನ ದಾಖಲಾತಿ ಇಡಬೇಕು. ಮೊಬೈಲ್ ಬಳಸುವ ಮಕ್ಕಳಿದ್ದರೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಹಾಕಲಿ, ಆದರೆ ಗೂಡು ಮತ್ತು ಹ್ಯಾರಿಯರ್ ಮಲಗುವ ಜಾಗದ ಗುರುತು ಕೊಡುವುದು ಬೇಡ. ಬೆಂಕಿ, ಬೇಟೆ, ಗಾಯಗೊಂಡ ಹಕ್ಕಿ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಸಮಿತಿಯ ಮುಂದೆ ಇಡುವ ಮೊದಲ ಅರ್ಜಿ ಕರಡದ್ದಾಗಲಿ. ಹ್ಯಾರಿಯರ್ ಮಲಗುವ ತುಂಡನ್ನು ಗುರುತಿಸಿ, ಆ ವರ್ಷದ ಕೊಯ್ಲಿನಿಂದ ಹೊರಗಿಡಿ ಎಂದು ಕೇಳಿ. ಅರ್ಜಿಯನ್ನು ಅಕ್ಟೋಬರ್ ಒಳಗೇ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಡಿಸೆಂಬರಿಗೆ ಹೋದರೆ ಹುಲ್ಲು ಅಷ್ಟರಲ್ಲಿ ಬಣವೆ ಸೇರಿರುತ್ತದೆ.